ಒಬ್ಬರ ಹಕ್ಕು, ಊರ ಕಟ್ಟು, ರಾಜ್ಯದ ಕಾಯ್ದೆ: ಆನೆಗೊಂದಿ ಸೀಮೆಯ ಕೆಲವು ಪ್ರಸಂಗಗಳು

ಕಾನೂನು, ನೀತಿ, ವ್ಯಕ್ತಿಸ್ವಾತಂತ್ರ್ಯ ಈ ಮೂರರ ನಂಟನ್ನು ಕಾನೂನು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಲಂಡನ್ನಿನಿಂದ ಹಿಡಿದು ಕಲಿಸುತ್ತಾರೆ. ಆನೆಗೊಂದಿಯಿಂದ ಹಿಡಿದರೂ ನಡೆಯುತ್ತದೆ. ತುಂಗಭದ್ರೆಯ ಎಡದಂಡೆಯಲ್ಲಿರುವ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಈ ಊರಿನ ಹೆಸರು ಹದಿನಾಲ್ಕನೆಯ ಶತಮಾನದ ಒಂದು ದೊಡ್ಡ ನ್ಯಾಯತೀರ್ಮಾನದ ಶಾಸನದಲ್ಲಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯವೊಂದು ಇದರ ಮಗ್ಗುಲಲ್ಲೇ ಹುಟ್ಟಿತು. ನಡುವಿನ ಆರೂವರೆ ಶತಮಾನಗಳಲ್ಲಿ ಅರಸರು, ನಿಜಾಮರು, ಮಠಗಳು, ಊರ ಹಿರಿಯರು, ಜಿಲ್ಲಾಧಿಕಾರಿಗಳು ಎಲ್ಲರೂ ಇಲ್ಲಿಯ ಜನರಿಗೆ ‘ಹೀಗೇ ಇರಬೇಕು’ ಎಂದು ಹೇಳಿದ್ದಾರೆ. ಹೇಳಿಸಿಕೊಂಡವರು ಪಂಗಡಗಳೋ ಒಂಟಿ ಮನುಷ್ಯರೋ ಎಂಬುದನ್ನು ಗಮನಿಸುತ್ತ ಹೋದರೆ ಈ ವಿಷಯದ ಗಂಟು ಎಲ್ಲಿದೆಯೆಂದು ಕಾಣುತ್ತದೆ: ಹಕ್ಕು ಯಾರ ಹೆಸರಿನಲ್ಲಿದೆ ಎಂಬಲ್ಲಿ.

ಆಚಾರ, ವ್ಯವಹಾರ, ಪ್ರಾಯಶ್ಚಿತ್ತ

ರಾಜ್ಯ ಮಾಡಿದ, ಮುರಿದರೆ ಶಿಕ್ಷೆ ಕಾದಿರುವ ನಿಯಮ ಕಾನೂನು. ಮುರಿದರೆ ಮನಸ್ಸು ಕುಟುಕುವ, ಇಲ್ಲವೇ ನೆರೆಹೊರೆಯವರು ಮುಖ ತಿರುಗಿಸುವ ನಿಯಮ ನೀತಿ. ಈ ವಿಂಗಡಣೆ ನಮಗೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಮೂರು ಭಾಗಗಳಿವೆ. ಆಚಾರವೆಂದರೆ ನಡವಳಿಕೆ, ವ್ಯವಹಾರವೆಂದರೆ ನ್ಯಾಯಾಲಯದ ವ್ಯಾಜ್ಯ, ಪ್ರಾಯಶ್ಚಿತ್ತವೆಂದರೆ ಪಾಪ ಕಳೆದುಕೊಳ್ಳುವ ದಾರಿ. ವಿಜಯನಗರದ ಮೊದಲ ದಶಕಗಳಲ್ಲಿ ಮಾಧವಾಚಾರ್ಯರು ಪರಾಶರ ಸ್ಮೃತಿಗೆ ವ್ಯಾಖ್ಯಾನ ಬರೆದರು. ಮೂಲದಲ್ಲಿ ವ್ಯವಹಾರದ ಭಾಗವೇ ಇರಲಿಲ್ಲ. ಕ್ಷತ್ರಿಯ ಧರ್ಮದ ಒಂದು ಮಾತನ್ನೇ ನೆಪವಾಗಿಸಿಕೊಂಡು ಅವರು ಒಂದು ಇಡೀ ವ್ಯವಹಾರಕಾಂಡವನ್ನು ಸೇರಿಸಿದರು. ಹೊಸ ರಾಜ್ಯ ಕಟ್ಟುವವರಿಗೆ ಬರೀ ಆಚಾರ, ಪ್ರಾಯಶ್ಚಿತ್ತ ಸಾಲುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು.

ಇನ್ನೂ ಹಿಂದೆ, ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇನ್ನೊಂದು ಹೆಜ್ಜೆ ಇಟ್ಟಿದ್ದ. ಆಸ್ತಿ ಪಾಲಾಗುವಾಗ ಹಿರಿಯ ಮಗನಿಗೆ ಹೆಚ್ಚಿನ ಭಾಗ ಕೊಡಬಹುದೆಂದು ಶಾಸ್ತ್ರವಿದೆ. ಆದರೂ ಜನ ಅದನ್ನು ಒಲ್ಲೆನ್ನುತ್ತಾರೆ, ಆದ್ದರಿಂದ ಅದನ್ನು ಆಚರಿಸಬಾರದು ಎಂಬುದು ಅವನ ವಾದ. ಬರೆದಿಟ್ಟ ನಿಯಮಕ್ಕಿಂತ ಜನರ ನೀತಿಪ್ರಜ್ಞೆ ಮೇಲೆಂದು ಒಬ್ಬ ನ್ಯಾಯಶಾಸ್ತ್ರಿ ಒಪ್ಪಿಕೊಂಡದ್ದು ದೊಡ್ಡ ಮಾತು. ಅಪಾಯದ ಮಾತೂ ಹೌದು. ಜನ ಒಲ್ಲೆನ್ನುವುದು ಅನ್ಯಾಯದ ಪಾಲನ್ನಾದರೆ ಸರಿ. ಒಬ್ಬಳು ಯಾರನ್ನು ಮದುವೆಯಾದಳು ಎಂಬುದನ್ನಾದರೆ?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ, ಇನ್ನೊಬ್ಬರಿಗೆ ಕೇಡಾಗುವುದನ್ನು ತಡೆಯಲು ಮಾತ್ರ ಒಬ್ಬನ ಮೇಲೆ ಬಲ ಪ್ರಯೋಗಿಸಬಹುದು ಎಂದ. ಅವನ ಒಳಿತಿಗಾಗಿ, ಅವನ ನಡತೆ ತಿದ್ದುವುದಕ್ಕಾಗಿ ಪ್ರಯೋಗಿಸುವಂತಿಲ್ಲ. ಅದಾಗಿ ನೂರು ವರ್ಷಕ್ಕೆ ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್, ಹಂಚಿಕೊಂಡ ನೀತಿಯಿಲ್ಲದೆ ಸಮಾಜ ನಿಲ್ಲದು, ಆದ್ದರಿಂದ ಕಾನೂನು ಅದನ್ನು ಕಾಯಬಹುದು ಎಂದ. ಎಚ್.ಎಲ್.ಎ. ಹಾರ್ಟ್ ಅದನ್ನು ಅಲ್ಲಗಳೆದ. ಆನೆಗೊಂದಿ ಸೀಮೆಯ ಹಳ್ಳಿಗಳಲ್ಲಿ ಡೆವ್ಲಿನ್ ಹೆಸರು ಕೇಳಿದವರಿಲ್ಲ, ಅವನ ಪಕ್ಷದವರಿಗೆ ಮಾತ್ರ ಕೊರತೆಯಿಲ್ಲ.

ಅರಸನ ಬಾಯೇ ಕಾನೂನಾಗಿದ್ದಾಗ

ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗ ಕುಮಾರರಾಮನ ಊರು. ಚರಿತ್ರೆಯ ಪ್ರಕಾರ ದೆಹಲಿಯ ತುಘಲಕನ ಸೇನೆ ಅದನ್ನು 1327ರ ಸುಮಾರಿಗೆ ಮುಗಿಸಿತು. ಜನ ಹಾಡಿಕೊಂಡು ಬಂದ ಕಥೆಯಲ್ಲಿ ಯುದ್ಧಕ್ಕಿಂತ ಮನೆಯೊಳಗಿನ ನ್ಯಾಯವೇ ದೊಡ್ಡದು. ಮಲತಾಯಿ ರತ್ನಾಜಿ ರಾಮನನ್ನು ಬಯಸುತ್ತಾಳೆ. ಅವನು ಒಪ್ಪದಾಗ ತಪ್ಪನ್ನು ಅವನ ಮೇಲೇ ಹೊರಿಸುತ್ತಾಳೆ. ತಂದೆ ಕಂಪಿಲರಾಯ ವಿಚಾರಣೆಯಿಲ್ಲದೆ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಕಾನೂನಿನ ಲೆಕ್ಕದಲ್ಲಿ ಬೈಚಪ್ಪ ರಾಜಾಜ್ಞೆ ಮೀರಿದ ಅಪರಾಧಿ. ಆದರೆ ಆರೇಳು ನೂರು ವರ್ಷಗಳಿಂದ ಕೇಳುಗರು ಅವನ ಕಡೆಗೇ ಇದ್ದಾರೆ. ಆ ಬೇರೊಂದು ತಲೆ ಯಾರದ್ದು ಎಂದು ಮಾತ್ರ ಯಾರೂ ಹೆಚ್ಚು ಕೇಳಿದಂತಿಲ್ಲ.

1368: ಆನೆಗೊಂದಿಯವರ ದೂರು

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಸೇರಿದಂತೆ ಎಲ್ಲ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಅರಸನ ಮುಂದಿಟ್ಟರು. ಆನೆಗೊಂದಿಯ ಹೆಸರು ಆ ಪಟ್ಟಿಯ ತಲೆಯಲ್ಲೇ ಇದೆ.

ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಸೇರಿದ್ದರು. ಹದಿನೆಂಟು ನಾಡಿನ ಶ್ರೀವೈಷ್ಣವರ ಸಾಲಿನಲ್ಲಿ ತಿರುಕುಲ, ಜಾಂಬವಕುಲದವರ ಹೆಸರೂ ಇದೆ. ಇಂದು ಪರಿಶಿಷ್ಟ ಜಾತಿಗಳೆಂದು ಕರೆಯುವ ಸಮುದಾಯಗಳೊಂದಿಗೆ ವಿದ್ವಾಂಸರು ಇವರನ್ನು ಗುರುತಿಸುತ್ತಾರೆ. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ತೀರ್ಪು ಹೇಳಿದ. ಜೈನದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆ ಸಲ್ಲಬೇಕು. ಜೈನರಿಗೆ ಹಾನಿಯಾದರೆ ವೈಷ್ಣವರು ತಮಗೇ ಹಾನಿಯಾಯಿತೆಂದು ತಿಳಿಯಬೇಕು. ಎರಡು ದರ್ಶನಗಳಲ್ಲಿ ಭೇದ ಎಣಿಸಬಾರದು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ಉಪದೇಶವಾಗಿ ಉಳಿಯುತ್ತಿತ್ತು. ಬುಕ್ಕ ಹಣಕಾಸನ್ನೂ ಗೊತ್ತುಮಾಡಿದ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು. ಉಳಿದದ್ದರಲ್ಲಿ ಹಾಳುಬಿದ್ದ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದವನಿಗೆ! ದೂರು ಕೊಟ್ಟವರ ರಕ್ಷಣೆಯನ್ನು ದೂರಿಗೆ ಗುರಿಯಾದವರ ಕೈಗೇ ಒಪ್ಪಿಸುವುದು ಇಂದಿನ ಯಾವ ನ್ಯಾಯಾಧೀಶರಿಗೂ ಧೈರ್ಯ ಬೇಡುವ ಕೆಲಸ. ಕಾವಲಿನ ಖರ್ಚು ನೊಂದವರ ಮೇಲೆಯೇ ಬಿತ್ತೆಂಬುದನ್ನೂ ಮರೆಯಬಾರದು.

ತೀರ್ಪನ್ನು ಮುರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಶಾಸನ ಹೇಳುತ್ತದೆ, ಕೊನೆಗೆ ಗೋಹತ್ಯೆ, ಬ್ರಹ್ಮಹತ್ಯೆಯ ಪಾಪವನ್ನೂ ಕಟ್ಟುತ್ತದೆ. ರಾಜದ್ರೋಹ ಕಾನೂನಿನ ಭಾಷೆ, ಪಾಪ ನೀತಿಯ ಭಾಷೆ. ಎರಡೂ ಒಂದೇ ಕಲ್ಲಿನ ಮೇಲೆ ಇವೆ. ಆದರೆ ಆ ಕಲ್ಲಿನಲ್ಲಿ ಹಕ್ಕು ಪಡೆದದ್ದು ಜೈನದರ್ಶನ. ಜೈನನೊಬ್ಬ ನಾಳೆ ತನ್ನ ಪಂಗಡದ ಕಟ್ಟಳೆಯನ್ನೇ ಒಪ್ಪದಿದ್ದರೆ ಅವನಿಗೇನು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅಂಥ ಪ್ರಶ್ನೆ ಬುಕ್ಕನ ಮುಂದೆ ಯಾರೂ ಇಡಲಿಲ್ಲ, ಇಡಬಹುದೆಂದೂ ಯಾರಿಗೂ ಹೊಳೆದಿರಲಾರದು.

ನದಿಗೆ ಎರಡು ದಂಡೆ, ದಂಡೆಗೊಂದು ಕಾಯ್ದೆ

ಬ್ರಿಟಿಷರ ಕಾಲದಲ್ಲಿ ತುಂಗಭದ್ರೆ ಒಂದು ಗಡಿಯಾಗಿತ್ತು. ಹಂಪಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆನೆಗೊಂದಿ, ಗಂಗಾವತಿ ನಿಜಾಮನ ಹೈದರಾಬಾದಿನಲ್ಲಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಹರಿಗೋಲಿನಲ್ಲಿ ಕೂತು ಈ ದಡದಿಂದ ಆ ದಡಕ್ಕೆ ಹೋದವರಿಗೆ ದೇವರು ಬದಲಾಗುತ್ತಿರಲಿಲ್ಲ, ಭಾಷೆ ಬದಲಾಗುತ್ತಿರಲಿಲ್ಲ, ಕಾಯ್ದೆ ಬದಲಾಗುತ್ತಿತ್ತು.

ದೇವದಾಸಿ ಪದ್ಧತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ಮದ್ರಾಸ್ ಸರ್ಕಾರ 1947ರಲ್ಲಿ ನಿಷೇಧಿಸಿತು. ಮುಂಬೈ ಪ್ರಾಂತ್ಯದಲ್ಲಿ ಅದಕ್ಕೂ ಮೊದಲು, 1934ರಲ್ಲೇ ಕಾಯ್ದೆ ಬಂದಿತ್ತು. ಎರಡೂ ಕಾಯ್ದೆಗಳು ನಿಜಾಮನ ಗಡಿ ದಾಟಲಿಲ್ಲ. ಬಲದಂಡೆಯಲ್ಲಿ ಅಪರಾಧವಾದದ್ದು ಎಡದಂಡೆಯಲ್ಲಿ ಸಂಪ್ರದಾಯವಾಗಿಯೇ ಉಳಿಯಿತು. 1956ರಲ್ಲಿ ರಾಜ್ಯ ಒಂದಾದ ಮೇಲೂ ಇಡೀ ಕರ್ನಾಟಕಕ್ಕೆ ಒಂದೇ ಕಾಯ್ದೆ ಬರಲು ಕಾಲು ಶತಮಾನ ಹಿಡಿಯಿತು. 1982ರಲ್ಲಿ ಅಂಗೀಕಾರವಾದ ಆ ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸಜೆ. ಅಪ್ಪ, ಅಮ್ಮ, ಬಂಧುಗಳೇ ಮಾಡಿಸಿದರೆ ಐದು ವರ್ಷದವರೆಗೆ. ಹೆಚ್ಚಿನ ಶಿಕ್ಷೆ ಮನೆಯವರಿಗೇ ಇಟ್ಟದ್ದರಲ್ಲಿ ಒಂದು ತಿಳಿವಳಿಕೆಯಿದೆ: ಮಗುವಿನ ಹೆಸರಿನಲ್ಲಿ ಹರಕೆ ಹೊರುವ ಅಧಿಕಾರ ತಂದೆತಾಯಿಗೂ ಇಲ್ಲ.

ಹುಲಿಗಿಯ ಹುಲಿಗೆಮ್ಮ ಇದೇ ಕೊಪ್ಪಳ ತಾಲ್ಲೂಕಿನ ನದಿದಂಡೆಯ ದೇವತೆ. ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಅಲ್ಲಿ ಭಕ್ತಿಗೆ ಯಾವ ತಡೆಯೂ ಇಲ್ಲ. ಕಾನೂನು ತಡೆದದ್ದು ಭಕ್ತಿಯ ಹೆಸರಿನಲ್ಲಿ ಬೇರೊಬ್ಬರ ಬದುಕನ್ನು ಕಾಣಿಕೆ ಕೊಡುವುದನ್ನು. ಆದರೂ ರಾಜ್ಯ ಸರ್ಕಾರದ ಎರಡು ಸಮೀಕ್ಷೆಗಳು ಸೇರಿ 46,660 ದೇವದಾಸಿಯರನ್ನು ಪಟ್ಟಿ ಮಾಡಿದವು, ಎರಡನೆಯದು ನಡೆದದ್ದು 2007-08ರಲ್ಲಿ. ಇವರ ಮಕ್ಕಳು ಶಾಲೆಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗ ಅವರನ್ನು ಕುಕ್ಕುತ್ತಿತ್ತು. 1982ರ ಕಾಯ್ದೆ ಆ ಖಾಲಿ ಜಾಗಕ್ಕೆ ಪರಿಹಾರ ಹೇಳಲಿಲ್ಲ. ಈ ಮಕ್ಕಳ ಹಕ್ಕನ್ನೂ ಸೇರಿಸಿದ ಹೊಸ ಮಸೂದೆಗೆ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ಕೊಟ್ಟಿತು.

ಸಂವಿಧಾನ ಎಣಿಸಿದ್ದು ಒಬ್ಬೊಬ್ಬರನ್ನು

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ರಚನಾ ಸಭೆಯ ಮುಂದಿಡುತ್ತ ಅಂಬೇಡ್ಕರ್ ಎರಡು ಮಾತು ಹೇಳಿದರು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ತೆಗೆದುಕೊಂಡದ್ದು ತಮಗೆ ಸಂತೋಷ ಎಂಬುದು ಒಂದು. ಸಾಂವಿಧಾನಿಕ ನೈತಿಕತೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯ ಮಾತಿಗೆ ಸಭೆಯಲ್ಲಿ ಹಲವರು ಸಿಟ್ಟಾದರು. ಆನೆಗೊಂದಿ ಅಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳೂ ಆಗದ ಹೈದರಾಬಾದಿನಲ್ಲಿತ್ತು.

ಮೂಲಭೂತ ಹಕ್ಕುಗಳಲ್ಲಿ ಬಹುಪಾಲು ಸರ್ಕಾರದ ವಿರುದ್ಧ ಇರುವ ರಕ್ಷಣೆಗಳು. ಹದಿನೇಳನೆಯ ವಿಧಿ ಹಾಗಲ್ಲ. ಅಸ್ಪೃಶ್ಯತೆಯನ್ನು ಯಾರು ಆಚರಿಸಿದರೂ, ಅಂಗಡಿಯವನಾಗಲಿ ಊರ ಹಿರಿಯನಾಗಲಿ, ಅದು ಅಪರಾಧ. ಅಂಗಡಿ, ಹೋಟೆಲು, ಬಾವಿ, ರಸ್ತೆಗಳ ಬಗ್ಗೆ ಹದಿನೈದನೆಯ ವಿಧಿ ಇದನ್ನೇ ಬಿಡಿಸಿ ಹೇಳುತ್ತದೆ. ಕಾನೂನಿನ ಬಲವುಳ್ಳ ರೂಢಿಯೂ ಮೂಲಭೂತ ಹಕ್ಕಿಗೆ ವಿರುದ್ಧವಾದರೆ ಹದಿಮೂರನೆಯ ವಿಧಿಯಡಿ ಬಿದ್ದುಹೋಗುತ್ತದೆ. ಜನ ನಡೆಸಿಕೊಂಡು ಬಂದದ್ದನ್ನು ಶಾಸ್ತ್ರಕ್ಕಿಂತ ಮೇಲಿಟ್ಟ ವಿಜ್ಞಾನೇಶ್ವರನ ಸೂತ್ರ ಇಲ್ಲಿ ತಲೆಕೆಳಗಾಯಿತು.

ಮುಂದಿನ ವಿಸ್ತರಣೆ ನ್ಯಾಯಾಲಯದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟಿತು. ಇಬ್ಬರು ವಯಸ್ಕರ ಮದುವೆಗೆ ಅಡ್ಡಬರುವ ಜಾತಿ ಪಂಚಾಯಿತಿಗಳಿಗೆ ಆ ಅಧಿಕಾರವಿಲ್ಲವೆಂದದ್ದೂ 2018ರಲ್ಲೇ.

ಮಿಯಾಪುರ ಮತ್ತು ಮರಕುಂಬಿ

ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್ 4ರಂದು ದಲಿತ ಕುಟುಂಬವೊಂದು ಮಗುವಿನ ಹುಟ್ಟುಹಬ್ಬಕ್ಕೆಂದು ಆಂಜನೇಯನ ಗುಡಿಯ ಮುಂದೆ ಕೈಮುಗಿದು ನಿಂತಿತ್ತು. ಒಳಗೆ ಹೋಗುವ ಪದ್ಧತಿಯಿಲ್ಲ, ಹೊರಗೇ ನಿಲ್ಲಬೇಕು. ಮಗುವಿಗೆ ಪದ್ಧತಿ ಗೊತ್ತಿರಲಿಲ್ಲ, ಒಳಗೆ ಓಡಿತು. ಗುಡಿ ಶುದ್ಧಿಗೆಂದು ಊರಿನ ಕೆಲವು ಹಿರಿಯರು ಕುಟುಂಬಕ್ಕೆ 25,000 ರೂಪಾಯಿ ದಂಡ ಹೇಳಿದರು. ಕುಟುಂಬ ದೂರು ಕೊಡಲು ಹಿಂಜರಿದಾಗ ಸಮಾಜ ಕಲ್ಯಾಣ ಇಲಾಖೆಯೇ ಮುಂದಾಯಿತು. ಪೊಲೀಸರು ಐವರನ್ನು ಬಂಧಿಸಿದರು.

ಈ ಹಿಂಜರಿಕೆಯೇ ಇಲ್ಲಿ ಮುಖ್ಯ. ಕಾನೂನಿನ ಎಲ್ಲ ವಿಧಿಗಳೂ ಆ ತಂದೆಯ ಕಡೆಗಿದ್ದವು. ಅಧಿಕಾರಿಗಳು ಊರಿಗೆ ಬಂದು ಸಭೆ ಮಾಡಿ ಹೋಗುತ್ತಾರೆ. ಅವನು ಅದೇ ಊರಿನಲ್ಲಿ ಅದೇ ಜನರ ಹೊಲದಲ್ಲಿ, ಅದೇ ಅಂಗಡಿಯ ಸಾಲದಲ್ಲಿ ಬಾಳಬೇಕು. ದೂರು ಕೊಡುವ ಹಕ್ಕು ಒಬ್ಬನದು, ಅದರ ಬೆಲೆ ತೆರುವುದು ಇಡೀ ಮನೆ. ದಂಡ ಹೇಳಿದವರು ತಾವು ಅಪರಾಧ ಮಾಡುತ್ತಿದ್ದೇವೆಂದು ಬಗೆದಿರಲಾರರು, ಗುಡಿಯ ಮಡಿ ಕಾಯುತ್ತಿದ್ದೇವೆಂದೇ ತಿಳಿದಿದ್ದಿರಬೇಕು. ನೀತಿ ಮತ್ತು ಕಾನೂನು ನೇರವಾಗಿ ಡಿಕ್ಕಿ ಹೊಡೆಯುವುದು ಇಂಥಲ್ಲಿ. ಕಳ್ಳನಿಗೆ ತಾನು ಕಳ್ಳನೆಂದು ಗೊತ್ತಿರುತ್ತದೆ, ದಂಡ ಹಾಕುವ ಹಿರಿಯನಿಗೆ ತಾನು ಧರ್ಮಿಷ್ಠನೆಂಬ ಭರವಸೆ.

ಗಂಗಾವತಿ ತಾಲ್ಲೂಕಿನ ಮರಕುಂಬಿಯದು ಇನ್ನೂ ಕ್ರೂರ. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರನ್ನು ಹೊರಗಿಡುವುದನ್ನು ಪ್ರಶ್ನಿಸಿದ ಹಿನ್ನೆಲೆಯಲ್ಲಿ ಅಲ್ಲಿ ಅಸಮಾಧಾನ ಕುದಿಯುತ್ತಿತ್ತು. 2014ರ ಆಗಸ್ಟ್ 28ರಂದು ಗುಂಪೊಂದು ದಲಿತರ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ಹತ್ತು ವರ್ಷ ವಿಚಾರಣೆ ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಉಳಿದ ಮೂವರು ತಾವೇ ಪರಿಶಿಷ್ಟರಾದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಐದು ವರ್ಷದ ಸಜೆಯಾಯಿತು. ಮರುತಿಂಗಳು ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು.

ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿಯಾದದ್ದು ಅಪರೂಪವೆಂದು ದೇಶವೆಲ್ಲ ಬರೆಯಿತು. ತೀರ್ಪಿನ ಸ್ವರೂಪ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಗುಂಪಾಗಿ ಹೋದವರನ್ನು ನ್ಯಾಯಾಲಯ ಗುಂಪಾಗಿ ಶಿಕ್ಷಿಸುವಂತಿಲ್ಲ. ಪ್ರತಿಯೊಬ್ಬನ ಹೆಸರಿಗೆ ಆರೋಪ ಬರೆದು, ಸಾಕ್ಷಿ ಕೇಳಿ, ತೀರ್ಪು ಹೇಳಬೇಕು. ‘ಊರೆಲ್ಲ ಸೇರಿ ಮಾಡಿದ್ದು’ ಎಂಬ ಮರೆ ಕಟಕಟೆಯಲ್ಲಿ ನಡೆಯುವುದಿಲ್ಲ. ಊರು ಜೈಲಿಗೆ ಹೋಗುವುದಿಲ್ಲ, ಒಬ್ಬೊಬ್ಬನೇ ಹೋಗುತ್ತಾನೆ. ವ್ಯಕ್ತಿಯೇ ಘಟಕವೆಂದರೆ ಹಕ್ಕಿಗಷ್ಟೇ ಅಲ್ಲ, ಹೊಣೆಗೂ.

ನವವೃಂದಾವನ

ಆನೆಗೊಂದಿಗೆ ಹೊಂದಿದ ನದಿಗಡ್ಡೆಯಲ್ಲಿ ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿವೆ. ಆರಾಧನೆ ನಡೆಸುವ ಹಕ್ಕಿಗಾಗಿ ಉತ್ತರಾದಿ ಮಠ ಮತ್ತು ಮಂತ್ರಾಲಯದ ರಾಘವೇಂದ್ರ ಮಠಗಳ ನಡುವಿನ ವ್ಯಾಜ್ಯ ದಶಕಗಳದ್ದು. ಯಾವ ವೃಂದಾವನ ಯಾವ ಯತಿಯದು ಎಂಬ ಬಗ್ಗೆಯೂ ಭಿನ್ನಾಭಿಪ್ರಾಯವಿದೆ. ನ್ಯಾಯಾಲಯಗಳು ಆಗಾಗ ಮಾಡಿದ್ದು ಬುಕ್ಕನ ಕೆಲಸವನ್ನೇ: ಯಾವ ಹೊತ್ತು ಯಾರದು ಎಂದು ಪೂಜೆಯ ದಿನಗಳನ್ನು ಹಂಚಿಕೊಟ್ಟವು. 2019ರ ಜುಲೈಯಲ್ಲಿ ನಿಧಿಗಳ್ಳರು ವ್ಯಾಸರಾಜರ ವೃಂದಾವನವನ್ನು ಕೆಡವಿದಾಗ ಬೇರೆ ಬೇರೆ ಮಠದವರು ಒಟ್ಟಿಗೆ ಬಂದು ಒಂದೆರಡು ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ಆಗ ಯಾರೂ ಆದೇಶಕ್ಕೆ ಕಾಯಲಿಲ್ಲ.

ವಿರೂಪಾಪುರ ಗಡ್ಡೆ: ಗಾಂಜಾ ಮಾತು, ಜಮೀನಿನ ತೀರ್ಪು

ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಂಡೆಯಲ್ಲಿರುವ ವಿರೂಪಾಪುರ ಗಡ್ಡೆಗೆ ಪತ್ರಿಕೆಗಳು ಹಿಪ್ಪಿಗಳ ದ್ವೀಪವೆಂದು ಹೆಸರಿಟ್ಟವು. ಭತ್ತದ ಗದ್ದೆಗಳ ಪಕ್ಕ ಗುಡಿಸಲು ಹೋಟೆಲುಗಳು, ರೆಸಾರ್ಟುಗಳು ಎದ್ದವು. ವಿದೇಶಿಯರು ತಿಂಗಳುಗಟ್ಟಲೆ ತಂಗುತ್ತಿದ್ದರು. ಗಾಂಜಾ, ರಾತ್ರಿ ಪಾರ್ಟಿ, ಅರೆಬಟ್ಟೆ ಇವುಗಳ ಸುತ್ತಲೇ ಊರಮಾತು ತಿರುಗುತ್ತಿತ್ತು. ‘ನಮ್ಮ ಸಂಸ್ಕೃತಿ ಕೆಡುತ್ತಿದೆ’ ಎಂದು ಒಬ್ಬರು, ‘ನಮ್ಮ ಹೊಟ್ಟೆ ತುಂಬುತ್ತಿದೆ’ ಎಂದು ಇನ್ನೊಬ್ಬರು.

ನ್ಯಾಯಾಲಯದಲ್ಲಿ ನಡೆದ ವಾದ ಬೇರೆಯೇ. 1961ರ ಪ್ರಾಚ್ಯ ಸ್ಮಾರಕಗಳ ರಾಜ್ಯ ಕಾಯ್ದೆಯಡಿ 1988ರ ಅಕ್ಟೋಬರ್ 22ರಂದು ಹೊರಡಿಸಿದ ಅಧಿಸೂಚನೆ ರಕ್ಷಿಸಿದ್ದು ಸ್ಮಾರಕಗಳನ್ನಷ್ಟೇ, ತಮ್ಮ ಜಮೀನನ್ನಲ್ಲ ಎಂದು ಕಟ್ಟಡಗಳ ಮಾಲೀಕರು ವಾದಿಸಿದರು. ಹೈಕೋರ್ಟು 2015ರಲ್ಲಿ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮೋಹನ ಶಾಂತನಗೌಡರ ಮತ್ತು ಆರ್. ಸುಭಾಷ್ ರೆಡ್ಡಿ 2020ರ ಫೆಬ್ರುವರಿ 11ರಂದು ಮೇಲ್ಮನವಿ ವಜಾ ಮಾಡಿದರು. ಮಾರ್ಚ್ ಮೊದಲ ವಾರ ಯಂತ್ರಗಳು ಬಂದವು. ತೀರ್ಪು ನಿಂತದ್ದು ಜಮೀನಿನ ಮೇಲೆ, ಅಧಿಸೂಚನೆಯ ಅರ್ಥದ ಮೇಲೆ. ಅಲ್ಲಿ ಇಳಿದುಕೊಂಡವರು ಹೇಗೆ ಬದುಕುತ್ತಿದ್ದರು ಎಂಬುದರ ಮೇಲಲ್ಲ. ಊರಮಾತಿನವರು ಮಾತ್ರ ತಮ್ಮ ನೀತಿಯೇ ಗೆದ್ದಿತೆಂದು ಹೇಳಿಕೊಂಡರು. ಗಾಂಜಾ ಮಾರಿದವನಿಗೆ ಬೇರೆ ಕಾಯ್ದೆಯಿದೆ, ಬೇರೆ ಸಾಕ್ಷ್ಯ ಬೇಕು. ಎರಡನ್ನೂ ಒಂದೇ ಬುಲ್ಡೋಜರಿಗೆ ಕಟ್ಟದ್ದರಿಂದಲೇ ಆ ತೀರ್ಪಿಗೆ ತೂಕ ಬಂದಿದೆ ಎಂಬುದು ನನ್ನ ಎಣಿಕೆ.

ಕಾನೂನಿನ ಕೈ ಅಲ್ಲಿಗೇ ನಿಲ್ಲುವುದಿಲ್ಲ. ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆಯ ವ್ಯಾಪ್ತಿಯಲ್ಲಿ ನದಿಯ ಎರಡೂ ಕಡೆ 29 ಹಳ್ಳಿಗಳಿವೆ, 236 ಚದರ ಕಿಲೋಮೀಟರು. ಆನೆಗೊಂದಿಯವರು ಕೇಳಿದ ಸೇತುವೆಯ ಕೆಲಸ ನದಿಯಲ್ಲಿ ಶುರುವಾದಾಗ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 1999ರಿಂದ 2006ರವರೆಗೆ ಹಂಪಿ ಆ ಪಟ್ಟಿಯಲ್ಲಿತ್ತು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಕೊನೆಗೆ ದಾಟುದಾರಿ ಸಿಕ್ಕಿದ್ದು ಕೆಳಗೆ, ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ. ಹಳೆಯ ಮನೆಗೆ ಒಂದು ಕೋಣೆ ಸೇರಿಸಬೇಕೆಂಬ ರೈತ ಪ್ರಾಧಿಕಾರದ ಅನುಮತಿಗೆ ಅರ್ಜಿ ಹಾಕಬೇಕು. ಅವನಿಗೆ ಎದುರಾದದ್ದು ಜಾತಿಯಲ್ಲ, ಊರ ಹಿರಿಯರಲ್ಲ. ಜಗತ್ತಿನ ಪರಂಪರೆ ಕಾಯುವ ಒಳ್ಳೆಯ ಉದ್ದೇಶದ ಒಂದು ಕಾಯ್ದೆ, ಅದನ್ನು ಓದಿ ಹೇಳುವ ಒಬ್ಬ ಅಧಿಕಾರಿ. ಅನುಮತಿ ನಿರಾಕರಿಸಿದರೆ ಅವನಿಗೂ ಧಾರವಾಡದ ಹೈಕೋರ್ಟು ಪೀಠದ ದಾರಿ ತೆರೆದೇ ಇದೆ. ಬಸ್ಸಿನ ಖರ್ಚು, ವಕೀಲರ ಫೀಜು ಅವನದೇ.